ಬ್ರೈಟನ್‌ನಲ್ಲಿ ಬಾಡಿಗೆ ಮನೆ: ಮೊದಲು ಗೋಡೆ ಮೂಸಿ, ಆಮೇಲೆ ದುಡ್ಡು ಕೊಡಿ

ಪ್ರತಿ ಸೆಪ್ಟೆಂಬರ್‌ನಲ್ಲೂ ನನ್ನ ಫೋನಿಗೆ ಒಂದೇ ಥರದ ಕರೆ. ‘ಅಕ್ಕಾ, ಮನೆ ಸಿಕ್ತು! ಸಮುದ್ರಕ್ಕೆ ಐದೇ ನಿಮಿಷ. ಅಡ್ವಾನ್ಸ್ ಕಳಿಸಿಬಿಟ್ಟೆ.’ ಹೋಗಿ ನೋಡಿದೆಯಾ ಅಂತ ಕೇಳಿದರೆ ‘ಫೋಟೊ ನೋಡಿದೆ’ ಅನ್ನುತ್ತಾರೆ. ಆ ಫೋಟೊ ಜುಲೈ ಬಿಸಿಲಲ್ಲಿ ತೆಗೆದದ್ದು. ನವೆಂಬರ್‌ನಲ್ಲಿ ಅದೇ ನಂಬರಿನಿಂದ ಎರಡನೇ ಕರೆ: ‘ಅಕ್ಕಾ, ಗೋಡೆ ಕಪ್ಪಾಗ್ತಾ ಇದೆ.’

ಇಂಗ್ಲೆಂಡಿನ ದಕ್ಷಿಣ ದಡದಲ್ಲಿರುವ ಬ್ರೈಟನ್ ಲಂಡನ್ನಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ದೂರ. ಎರಡು ವಿಶ್ವವಿದ್ಯಾಲಯಗಳಿವೆ, ದೊಡ್ಡ ಆಸ್ಪತ್ರೆಯಿದೆ. ಹಾಗಾಗಿ ಓದುವ ಮಕ್ಕಳು, ನರ್ಸ್‌ಗಳು, ಕಂಪ್ಯೂಟರಿನವರು ಎಂದು ನಮ್ಮ ಕಡೆಯವರೂ ಬರುತ್ತಾರೆ. ಬಂದವರು ಮನೆ ಹಿಡಿಯುವುದರಲ್ಲಿ ಎಡವುವುದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಕಾಗದಪತ್ರ

ಕೆಲಸದ ಪತ್ರ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಹಿಂದಿನ ಮನೆಯ ಮಾಲೀಕರಿಂದ ಒಂದು ಪತ್ರ. ಇಷ್ಟನ್ನು ಒಂದೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಇದರ ಜೊತೆಗೆ ಸರ್ಕಾರದ ಜಾಲತಾಣದಲ್ಲಿ ‘ರೈಟ್ ಟು ರೆಂಟ್’ ಶೇರ್ ಕೋಡ್ ತೆಗೆಯಬೇಕು; ಇಲ್ಲಿ ಬಾಡಿಗೆಗಿರಲು ನಿಮಗೆ ಹಕ್ಕಿದೆಯೆಂದು ಏಜೆಂಟ್ ಪರೀಕ್ಷಿಸುವುದು ಇದರಿಂದಲೇ. ಬಾಡಿಗೆಗೆಂದು ತೆಗೆದ ಕೋಡ್ ‘ಆರ್’ ಅಕ್ಷರದಿಂದ ಶುರುವಾಗುತ್ತದೆ, 90 ದಿನ ನಡೆಯುತ್ತದೆ. ಆಫೀಸಿಗೆಂದು ತೆಗೆದ ‘ಡಬ್ಲ್ಯೂ’ ಕೋಡನ್ನೇ ಏಜೆಂಟನಿಗೆ ಕಳಿಸಿ ಕೂತವರನ್ನು ಕಂಡಿದ್ದೇನೆ. ಅಷ್ಟರಲ್ಲಿ ಮನೆ ಬೇರೆಯವರ ಪಾಲಾಗಿರುತ್ತದೆ.

ಹಂತ 2: ಎಲ್ಲಿ, ಯಾವಾಗ

ಆಗಸ್ಟ್, ಸೆಪ್ಟೆಂಬರ್ ಬಿಟ್ಟು ಯಾವಾಗ ಬೇಕಾದರೂ ಹುಡುಕಿ. ಆ ಎರಡು ತಿಂಗಳು ಪ್ರವಾಸಿಗರೂ ವಿದ್ಯಾರ್ಥಿಗಳೂ ಒಟ್ಟಿಗೇ ಊರ ಮೇಲೆ ಬೀಳುತ್ತಾರೆ. ಬೇರೆ ದಾರಿಯಿಲ್ಲದೆ ಆಗಲೇ ಬರಬೇಕಾದರೆ ಮೊದಲ ಎರಡು ಮೂರು ವಾರಕ್ಕೆ ಒಂದು ರೂಮು ಹಿಡಿದು, ಇಲ್ಲಿಗೆ ಬಂದ ಮೇಲೆ ಮನೆ ನೋಡಿ.

ಫಾಲ್ಮರ್‌ನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೆ ಹೋಗುವವರು ಲೂಯಿಸ್ ರೋಡಿನ ಆಸುಪಾಸಿನಲ್ಲಿ, 25ನೇ ನಂಬರ್ ಬಸ್ಸಿನ ದಾರಿಯಲ್ಲಿ ಹುಡುಕಲಿ. ಆಸ್ಪತ್ರೆಯವರಿಗೆ ಕೆಂಪ್‌ಟೌನ್ ಹತ್ತಿರ. ಹ್ಯಾನೋವರ್ ಚೆಂದದ ಬಣ್ಣದ ಮನೆಗಳ ಬಡಾವಣೆ, ಆದರೆ ದಿಬ್ಬ. ಹತ್ತು ಕೆಜಿ ಅಕ್ಕಿ ಹೊತ್ತು ಒಮ್ಮೆ ಹತ್ತಿ ನೋಡಿ, ಬಣ್ಣದ ಮೇಲಿನ ಮೋಹ ಇಳಿಯುತ್ತದೆ. ಸಂಸಾರ ಇದ್ದವರಿಗೆ ನಾನು ಪಕ್ಕದ ಹೋವ್ ಹೇಳುತ್ತೇನೆ. ಅಲ್ಲಿನ ಬಾಡಿಗೆ ಭಾರವಾದರೆ ರೈಲು ದಾರಿ ಹಿಡಿದು ಪಶ್ಚಿಮಕ್ಕೆ ಪೋರ್ಟ್‌ಸ್ಲೇಡ್, ಶೋರಂ, ವರ್ದಿಂಗ್. ಸಮುದ್ರದ ಎದುರಿಗೇ ಬೇಕು ಅನ್ನುವ ಹಟ ಮಾತ್ರ ಬೇಡ. ನೈಋತ್ಯದ ಗಾಳಿ ಕಿಟಕಿಗೆ ಉಪ್ಪು ಎರಚುತ್ತಲೇ ಇರುತ್ತದೆ. ಹತ್ತು ನಿಮಿಷ ನಡೆದರೆ ಅದೇ ಸಮುದ್ರ, ಪುಕ್ಕಟೆ.

ಹಂತ 3: ಮನೆ ನೋಡುವುದು

ಎಡವಟ್ಟೆಲ್ಲ ಆಗುವುದು ಇಲ್ಲೇ. ನಾನೂ ಎಡವಿದವಳೇ. ಮೊದಲ ವರ್ಷ ಆಗಸ್ಟಿನಲ್ಲಿ, ವಿಡಿಯೊ ನೋಡಿ, ಅರ್ಧ ನೆಲದೊಳಗಿದ್ದ ಒಂದು ಫ್ಲ್ಯಾಟ್ ಒಪ್ಪಿಕೊಂಡೆ. ದೀಪಾವಳಿಗೆ ಉಡೋಣವೆಂದು ಗೋಡೆ ಕಪಾಟಿನಿಂದ ಅಮ್ಮನ ಮೈಸೂರು ರೇಷ್ಮೆ ತೆಗೆದರೆ ಅಂಚಿನುದ್ದಕ್ಕೂ ಬೂಷ್ಟು. ಏಜೆಂಟನಿಗೆ ಫೋಟೊ ಕಳಿಸಿದೆ. ‘ಕಿಟಕಿ ತೆರೆದಿಡಿ’ ಎಂಬ ಉತ್ತರ ಬಂತು. ಹೊರಗೆ ನಾಲ್ಕು ಡಿಗ್ರಿ!

ಕರಾವಳಿಯವರಾದ ನಮಗೆ ಬೂಷ್ಟು ಹೊಸದೇನಲ್ಲ. ಆಟಿ ತಿಂಗಳ ಮಳೆಯಲ್ಲಿ ಚಪ್ಪಲಿ, ಬೆಲ್ಟಿಗೂ ಬರುತ್ತದೆ. ಆದರೆ ಊರಲ್ಲಿ ಕಿಟಕಿ ಬಾಗಿಲು ತೆರೆದೇ ಇರುತ್ತವೆ, ಗೋಡೆ ಬೆಚ್ಚಗಿರುತ್ತದೆ. ಇಲ್ಲಿ ಎಲ್ಲ ಮುಚ್ಚಿ, ಒಳಗೆ ಕುಕ್ಕರ್ ಕೂಗಿಸಿ, ಒದ್ದೆ ಬಟ್ಟೆ ಹರವಿ, ಬಿಸಿನೀರು ಸ್ನಾನ ಮಾಡುತ್ತೇವೆ. ಆ ಆವಿ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗುತ್ತದೆ. ಮೇಲಾಗಿ ಬ್ರೈಟನ್ನಿನ ಬಹಳಷ್ಟು ಹಳೆಯ ಮನೆಗಳ ಗೋಡೆ ‘ಬಂಗರೂಶ್’ನದು: 18, 19ನೇ ಶತಮಾನದಲ್ಲಿ ಚಕಮಕಿ ಕಲ್ಲು, ಒಡಕು ಇಟ್ಟಿಗೆ, ಬೆಣಚು, ಸಿಕ್ಕಿದ್ದನ್ನೆಲ್ಲ ಸುಣ್ಣದ ಗಾರೆಯಲ್ಲಿ ಕಲಸಿ ತುಂಬಿದ ಗೋಡೆ. ಮುಂಭಾಗಕ್ಕೆ ಬೆಣ್ಣೆಯಂಥ ಗಿಲಾವು ಇರುವುದರಿಂದ ಅರಮನೆಯ ಹಾಗೆ ಕಾಣುತ್ತದೆ. ಪೈಪಿನಲ್ಲಿ ನೀರು ಬಿಟ್ಟರೆ ಅರ್ಧ ಊರು ಕರಗಿಹೋಗುತ್ತದೆ ಎಂದು ಇಲ್ಲಿಯವರೇ ತಮಾಷೆ ಮಾಡುತ್ತಾರೆ.

ಹಾಗಾಗಿ ಮಳೆ ಬಂದ ದಿನವೇ ಮನೆ ನೋಡಲು ಹೋಗಿ. ಬಾಗಿಲು ತೆರೆದ ತಕ್ಷಣ, ಮಾತಾಡುವ ಮೊದಲು, ಮೂಗಿನಿಂದ ಉಸಿರೆಳೆದುಕೊಳ್ಳಿ. ಹಳೇ ಗೋಣಿಚೀಲದ ವಾಸನೆ ಬಂದರೆ ಅಲ್ಲಿಂದಲೇ ವಾಪಸ್. ಪರಿಮಳದ ಮೇಣದಬತ್ತಿ ಉರಿಯುತ್ತಿದ್ದರೆ ಸಂಶಯ ಇನ್ನೂ ಹೆಚ್ಚಲಿ.

ಆಮೇಲೆ ಬೆಡ್‌ರೂಮಿಗೆ. ಹೊರಗೋಡೆಗೆ ಆನಿಸಿದ ಕಪಾಟನ್ನು ಒಂದು ಗೇಣು ಎಳೆದು ಹಿಂದೆ ಟಾರ್ಚ್ ಬಿಡಿ. ಏಜೆಂಟ್ ಮುಖ ಗಂಟಿಕ್ಕಿಕೊಂಡರೆ ಕೊಳ್ಳಲಿ, ಅಲ್ಲಿ ಮಲಗುವವರು ನೀವು. ಛಾವಣಿ ಸೇರುವ ಮೂಲೆಗಳನ್ನು, ಕಿಟಕಿ ಗಾಜಿನ ಅಂಚಿನ ರಬ್ಬರನ್ನು ನೋಡಿ. ನಾಲ್ಕು ಗೋಡೆಯಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ‘ಯಾಕೆ?’ ಅಂತ ಕೇಳಿ. ಗೋಡೆಗೆ ಅಂಗೈ ಒತ್ತಿ. ಬರೀ ತಣ್ಣಗಿರುವುದು ಬೇರೆ, ಒದ್ದೆಯಾಗಿರುವುದು ಬೇರೆ. ಕೈಗೆ ಗೊತ್ತಾಗುತ್ತದೆ.

ಬಚ್ಚಲುಮನೆಯ ಫ್ಯಾನ್ ಹಾಕಿ ಒಂದು ಟಿಶ್ಯೂ ಹಾಳೆ ಹಿಡಿಯಿರಿ. ಅಂಟಿಕೊಂಡು ನಿಂತರೆ ಸರಿ, ಬಿದ್ದರೆ ಅದು ಬರೀ ಸದ್ದು ಮಾಡುವ ಫ್ಯಾನ್. ಒಲೆಯ ಮೇಲಿನ ಚಿಮಣಿ ಹೊಗೆಯನ್ನು ನಿಜಕ್ಕೂ ಹೊರಗೆ ಹಾಕುತ್ತದೋ ಅಥವಾ ಜಾಲರಿಯಲ್ಲಿ ಸೋಸಿ ಅಲ್ಲೇ ಬಿಡುತ್ತದೋ ಕೇಳಿ. ಎರಡನೆಯದಾದರೆ ಒಗ್ಗರಣೆಯ ಘಾಟು ಮೂರು ದಿನ ಹಾಸಿಗೆಯಲ್ಲಿರುತ್ತದೆ, ಹೊಗೆ ಅಲಾರ್ಮ್ ದಿನಾ ಕೂಗುತ್ತದೆ.

ಇನ್ನು ಬೆಚ್ಚಗಿಡುವುದು. ಗ್ಯಾಸ್ ಬಾಯ್ಲರ್ ಇದ್ದರೆ ನನಗೆ ಸಮಾಧಾನ. ಹಳೆಯ ಎಲೆಕ್ಟ್ರಿಕ್ ಹೀಟರ್ ಇದ್ದರೆ ಬಿಲ್ಲಿಗೆ ಹೆದರಿ ಯಾರೂ ಹಾಕುವುದಿಲ್ಲ, ಗೋಡೆ ಇನ್ನೂ ತಣ್ಣಗಾಗುತ್ತದೆ. ಮನೆಯ ‘ಇಪಿಸಿ’ ದರ್ಜೆ, ಅಂದರೆ ಇಂಧನ ಎಷ್ಟು ಉಳಿಸುತ್ತದೆ ಎಂಬ ಪ್ರಮಾಣಪತ್ರದ ದರ್ಜೆ, ಎ ಯಿಂದ ಜಿ ವರೆಗೆ ಇರುತ್ತದೆ. ಕೆಲವು ವಿನಾಯಿತಿ ಬಿಟ್ಟರೆ ಇ ಗಿಂತ ಕೆಳಗಿನದನ್ನು ಬಾಡಿಗೆಗೆ ಕೊಡುವಂತಿಲ್ಲ. ಪೋಸ್ಟ್‌ಕೋಡ್ ಹಾಕಿದರೆ ಸರ್ಕಾರದ ತಾಣದಲ್ಲಿ ಯಾರಾದರೂ ನೋಡಬಹುದು. ಡಿ ಗಿಂತ ಕೆಳಗಿನದಕ್ಕೆ ನಾನಂತೂ ಹೋಗುವುದಿಲ್ಲ. ನೆಲಮಾಳಿಗೆಗೂ ಹೋಗುವುದಿಲ್ಲ, ಎಷ್ಟು ಅಗ್ಗವಾದರೂ ಸರಿ.

ತೇವ ಹೀರುತ್ತವೆಂದು ಅಂಗಡಿಯಲ್ಲಿ ಮಾರುವ ಉಪ್ಪಿನ ಡಬ್ಬಿ, ಅಂಗೈಯಗಲದ ಪುಟಾಣಿ ಯಂತ್ರ ಎಲ್ಲ ದುಡ್ಡು ದಂಡ. ಕಂಪ್ರೆಸರ್ ಇರುವ ದೊಡ್ಡ ಡಿಹ್ಯುಮಿಡಿಫೈಯರ್ ಕೆಲಸ ಮಾಡುತ್ತದೆ, ಬಟ್ಟೆಯನ್ನೂ ಒಣಗಿಸುತ್ತದೆ. ಬೂಷ್ಟಿನ ಮೇಲೆ ಬಳಿಯುವ ವಿಶೇಷ ಬಣ್ಣವಂತೂ ಕೊಳೆತ ಹಲ್ಲಿನ ಮೇಲೆ ಚಿನ್ನದ ಕವಚ.

ನೀವಿನ್ನೂ ಹುಬ್ಬಳ್ಳಿಯಲ್ಲೋ ಮಂಗಳೂರಲ್ಲೋ ಇದ್ದರೆ ಇಲ್ಲಿರುವ ಯಾರನ್ನಾದರೂ ಕಳಿಸಿ. ಏಜೆಂಟ್ ಮಾಡಿದ ವಿಡಿಯೊ ಲೆಕ್ಕಕ್ಕಿಲ್ಲ.

ಹಂತ 4: ದುಡ್ಡು

‘ನಾನು ವಿದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀಲಿ ಕೊರಿಯರ್‌ನಲ್ಲಿ ಬರುತ್ತದೆ’ ಅಂದರೆ ಮೋಸ. ಅದರಲ್ಲಿ ಎರಡು ಮಾತಿಲ್ಲ.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇಲ್ಲಿನ ಲೆಕ್ಕ ಹಗುರ. ತಿಂಗಳಿಗೆ 1,300 ಪೌಂಡ್ ಬಾಡಿಗೆ ಅಂದುಕೊಳ್ಳಿ. ಹನ್ನೆರಡರಿಂದ ಗುಣಿಸಿ 52ರಿಂದ ಭಾಗಿಸಿದರೆ ವಾರಕ್ಕೆ 300. ಮನೆ ಕಾದಿರಿಸಲು ಹೆಚ್ಚೆಂದರೆ ಒಂದು ವಾರದ್ದು, 300 ಪೌಂಡ್. ಡಿಪಾಸಿಟ್ ಹೆಚ್ಚೆಂದರೆ ಐದು ವಾರದ್ದು, 1,500. 2019ರ ಜೂನ್‌ನಿಂದ ಇಂಗ್ಲೆಂಡಿನಲ್ಲಿ ಏಜೆಂಟ್ ನಿಮ್ಮಿಂದ ‘ಅಡ್ಮಿನ್ ಫೀಸ್’ ತೆಗೆದುಕೊಳ್ಳುವಂತಿಲ್ಲ. ಕೇಳಿದರೆ ನಗುತ್ತಲೇ ಕಾನೂನು ನೆನಪಿಸಿ.

ಮೊದಲೆಲ್ಲ ಇಲ್ಲಿ ಜಾಮೀನುದಾರರಿಲ್ಲದ ನಮ್ಮ ಹುಡುಗರು ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೇ ಸುರಿಯುತ್ತಿದ್ದರು. ಬಾಡಿಗೆದಾರರ ಹಕ್ಕಿನ ಕಾನೂನಾದ ರೆಂಟರ್ಸ್ ರೈಟ್ಸ್ ಆ್ಯಕ್ಟ್ ಪ್ರಕಾರ 2026ರ ಮೇ 1ರಿಂದ ಅದಕ್ಕೆ ತಡೆ: ಹೊಸ ಬಾಡಿಗೆಗೆ ಸಹಿ ಹಾಕುವ ಮೊದಲು ಬಾಡಿಗೆ ಪಡೆಯುವಂತಿಲ್ಲ, ಸಹಿಯ ನಂತರವೂ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಜಾಹೀರಾತಿನ ಬಾಡಿಗೆಗಿಂತ ಮೇಲೆ ಹರಾಜು ಕೂಗಿಸುವುದೂ ಇಲ್ಲ. ವಿದ್ಯಾರ್ಥಿಗಳಿಗೆಂದೇ ಕಟ್ಟಿದ ದೊಡ್ಡ ವಸತಿಗಳಿಗೆ, ಮಾಲೀಕರ ಮನೆಯೊಳಗಿನ ರೂಮಿಗೆ ಬೇರೆ ನಿಯಮ.

ಸಂಬಳವನ್ನೂ ತೂಗಿ ನೋಡುತ್ತಾರೆ. ಸಾಮಾನ್ಯವಾಗಿ ವರ್ಷದ ಸಂಬಳ ತಿಂಗಳ ಬಾಡಿಗೆಯ ಮೂವತ್ತು ಪಟ್ಟು ಇರಬೇಕು, ಅಂದರೆ ಮೇಲಿನ ಮನೆಗೆ 39,000 ಪೌಂಡ್. ಕಡಿಮೆಯಿದ್ದರೆ ಮೊದಲೇ ಹೇಳಿಬಿಡಿ. ಸುಳ್ಳು ಮಾಹಿತಿ ಕೊಟ್ಟು ಸಿಕ್ಕಿಬಿದ್ದರೆ ಕಾದಿರಿಸಿದ ದುಡ್ಡು ವಾಪಸ್ ಬರಲಿಕ್ಕಿಲ್ಲ.

ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಿನ ಸ್ಥಳೀಯ ಆಡಳಿತದ ತೆರಿಗೆ, ಬೇರೆಯೇ ಕಟ್ಟಬೇಕು. ಮನೆಯವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಇಲ್ಲ, ಒಬ್ಬರೇ ಇದ್ದರೆ ಶೇ 25 ರಿಯಾಯಿತಿ. ಅರ್ಜಿ ಹಾಕಿ ಕೇಳಬೇಕು.

ಹಂತ 5: ಕೀಲಿ ಸಿಕ್ಕ ದಿನ

ಸೂಟ್‌ಕೇಸ್ ಬಿಚ್ಚುವ ಮೊದಲು ಇಡೀ ಮನೆಯ ವಿಡಿಯೊ ಮಾಡಿ, ಮೀಟರ್ ಅಂಕಿಯ ಫೋಟೊ ತೆಗೆದು ಅವತ್ತೇ ಏಜೆಂಟನಿಗೆ ಇಮೇಲ್ ಮಾಡಿ. ವಾಟ್ಸ್‌ಆ್ಯಪ್ ಬೇಡ. ನೀವು ಡಿಪಾಸಿಟ್ ಕೊಟ್ಟ 30 ದಿನದೊಳಗೆ ಮಾಲೀಕರು ಅಥವಾ ಏಜೆಂಟ್ ಅದನ್ನು ಸರ್ಕಾರ ಒಪ್ಪಿದ ಮೂರು ರಕ್ಷಣಾ ಯೋಜನೆಗಳಲ್ಲಿ ಒಂದರಲ್ಲಿ ಇಟ್ಟು ನಿಮಗೆ ವಿವರ ಕೊಡಬೇಕು. ಫೋನಿನಲ್ಲಿ 30ನೇ ದಿನಕ್ಕೆ ಅಲಾರ್ಮ್ ಇಟ್ಟುಕೊಳ್ಳಿ. ಕೊಡದಿದ್ದರೆ ನ್ಯಾಯಾಲಯ ಡಿಪಾಸಿಟ್ಟಿನ ಒಂದರಿಂದ ಮೂರು ಪಟ್ಟು ದಂಡ ಹಾಕಬಹುದು. ಇದನ್ನು ಇಮೇಲಿನಲ್ಲಿ ವಿನಯವಾಗಿ ಒಂದು ಸಾಲು ಬರೆದರೆ ಸಾಕು, ಸಾಮಾನ್ಯವಾಗಿ ಮರುದಿನ ಉತ್ತರ ಬರುತ್ತದೆ.

ಕಸದ ಚೀಲವನ್ನು ರಾತ್ರಿಯೇ ಹೊರಗಿಡಬೇಡಿ. ಇಲ್ಲಿನ ಕಡಲ ಹಕ್ಕಿ ನಮ್ಮ ಕಾಗೆಯ ನಾಲ್ಕರಷ್ಟಿದೆ, ಬೆಳಗಾಗುವುದರೊಳಗೆ ನಿಮ್ಮ ಹಳಸಿದ ಸಾಂಬಾರು ಪಕ್ಕದ ಮನೆಯ ಮೆಟ್ಟಿಲ ಮೇಲಿರುತ್ತದೆ.