ಮುಖದ ಆರೈಕೆ: ಎಷ್ಟು ಹಚ್ಚಬೇಕು, ಯಾವಾಗ, ಯಾವುದರ ಮೇಲೆ ಯಾವುದು

ಮುಖಕ್ಕೆ ಏನು ಹಚ್ಚಲಿ ಎಂದು ಕೇಳುವವರು ಬಹಳ, ಎಷ್ಟು ಹಚ್ಚಲಿ ಎಂದು ಕೇಳುವವರು ಅಪರೂಪ. ಒಳ್ಳೆಯ ಸನ್‌ಸ್ಕ್ರೀನ್ ತಂದು ಕಾಳಿನಷ್ಟು ಸವರಿಕೊಂಡರೆ ಅದು ಇದ್ದೂ ಇಲ್ಲದಂತೆ. ಮೊಡವೆ, ಸುಕ್ಕಿಗೆಂದು ಹಚ್ಚುವ, ವಿಟಮಿನ್ ಎ ರೂಪವಾದ ರೆಟಿನಾಲನ್ನು ಮೊದಲ ದಿನವೇ ಧಾರಾಳವಾಗಿ ಬಳಿದುಕೊಂಡರೆ ವಾರದೊಳಗೆ ಮುಖ ಸಿಪ್ಪೆ ಏಳುತ್ತದೆ. ದಿನವೂ ಶ್ರಮಪಟ್ಟರೂ ಫಲ ಕಾಣದಿರುವುದಕ್ಕೆ ಹೆಚ್ಚಿನ ಸಲ ಇಂಥ ಅಳತೆಯ ತಪ್ಪು ಕಾರಣ, ಇಲ್ಲವೇ ಅವಸರ. ಆದ್ದರಿಂದ ಮೃದುವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಈ ಮೂರರಿಂದಷ್ಟೇ ಶುರು ಮಾಡಿ. ನಾಲ್ಕು ವಾರ ಇವು ಚರ್ಮಕ್ಕೆ ಒಗ್ಗಿದ ಮೇಲೆ ಸೀರಮ್, ಅಂದರೆ ಒಂದೊಂದು ತೊಂದರೆಗೆಂದೇ ಇರುವ ಸತ್ವಭರಿತ ತೆಳು ದ್ರವದ ಮಾತು.

ತೊಳೆಯುವಾಗ

ಚರ್ಮದ ಹೊರಪದರ ತುಸು ಆಮ್ಲೀಯ, ಅದರ ಪಿಎಚ್ 5ರ ಆಸುಪಾಸು. ಮಾಮೂಲಿ ಸ್ನಾನದ ಸೋಪಿನದು 9ರಿಂದ 10, ಅಂದರೆ ಕ್ಷಾರೀಯ. ಸೋಪಿನಿಂದ ತೊಳೆದ ಕೆನ್ನೆಯ ಮೇಲೆ ಬೆರಳೆಳೆದರೆ, ಆಗಷ್ಟೇ ತೊಳೆದಿಟ್ಟ ಗಾಜಿನ ಲೋಟದಂತೆ ಕಿರ್ ಎನ್ನುತ್ತದೆ. ಇದನ್ನೇ ಸ್ವಚ್ಛತೆ ಎಂದುಕೊಂಡವರು ಬಹಳ ಮಂದಿ. ಆದರೆ ಇಟ್ಟಿಗೆಗಳ ನಡುವಿನ ಗಾರೆಯಂತೆ ಜೀವಕೋಶಗಳ ನಡುವೆ ಕೂತು ಒಳಗಿನ ನೀರನ್ನು ಹಿಡಿದಿಡುವ ಕೊಬ್ಬಿನಂಶವೂ ಕೊಳೆಯ ಜೊತೆ ಹೋಗಿದೆ ಎಂಬುದಕ್ಕೆ ಆ ಸದ್ದೇ ಗುರುತು. ತೊಳೆದ ಮೇಲೆ ಮುಖ ಬಿಗಿದುಕೊಳ್ಳದಿದ್ದರೆ ಆ ಫೇಸ್‌ವಾಶ್ ನಿಮಗೆ ಸರಿಹೊಂದಿದೆ.

ಮೊದಲು ಕೈ ತೊಳೆದುಕೊಳ್ಳಿ. ಮುಖವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒದ್ದೆ ಮಾಡಿ, ಫೇಸ್‌ವಾಶನ್ನು ಅಂಗೈಯಲ್ಲೇ ನೊರೆ ಬರಿಸಿ, ಬೆರಳ ತುದಿಯಿಂದ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಹಗುರವಾಗಿ ಆಡಿಸಿ. ಮೂಗಿನ ಪಕ್ಕ, ಗದ್ದದ ಅಡಿ, ಹುಬ್ಬಿನ ನಡುವೆ ಸಾಮಾನ್ಯವಾಗಿ ಕೈ ಹೋಗುವುದೇ ಇಲ್ಲ. ತೊಳೆದುಕೊಳ್ಳುವಾಗ ಕೂದಲಂಚು ಮತ್ತು ದವಡೆಯಂಚನ್ನು ಮರೆಯಬೇಡಿ. ನೊರೆ ಉಳಿದು ತುರಿಕೆ ಏಳುವುದು ಅಲ್ಲೇ. ಆಮೇಲೆ ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ದಿನಕ್ಕೆ ಎರಡು ಸಲ ಸಾಕು, ತುಂಬ ಬೆವರಿದ್ದರೆ ಇನ್ನೊಂದು ಸಲ. ಒಣ ಚರ್ಮದವರಿಗೆ ಬೆಳಿಗ್ಗೆ ಬರೀ ನೀರೂ ನಡೆಯುತ್ತದೆ. ಮೇಕಪ್ ಅಥವಾ ನೀರಿಗೆ ಜಗ್ಗದ ಸನ್‌ಸ್ಕ್ರೀನ್ ಹಚ್ಚಿದ್ದ ದಿನ, ರಾತ್ರಿ ಮೊದಲು ಒಣ ಮುಖಕ್ಕೆ ಎಣ್ಣೆಯಂಶದ ಕ್ಲೆನ್ಸರ್, ನಂತರ ಫೇಸ್‌ವಾಶ್.

ಒದ್ದೆ ಇರುವಾಗಲೇ ಮಾಯಿಶ್ಚರೈಸರ್

ಒರೆಸಿದ ಒಂದೆರಡು ನಿಮಿಷದೊಳಗೆ, ಮುಖದಲ್ಲಿ ಇನ್ನೂ ಪಸೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಅದರೊಳಗಿನ ಗ್ಲಿಸರಿನ್, ಹಯಲುರಾನಿಕ್ ಆಮ್ಲ ನೀರನ್ನು ಸೆಳೆದಿಟ್ಟುಕೊಳ್ಳುತ್ತವೆ. ಸೆರಾಮೈಡ್‌ನಂಥ ಕೊಬ್ಬು ಬಿರುಕು ತುಂಬುತ್ತದೆ. ಪೆಟ್ರೋಲಿಯಂ ಜೆಲ್ಲಿ, ಡೈಮೆಥಿಕೋನ್‌ನಂಥವು ಮೇಲೆ ಮುಚ್ಚಳವಾಗುತ್ತವೆ. ಹಯಲುರಾನಿಕ್ ಸೀರಮ್ ಒಂದನ್ನೇ ಒಣ ಮುಖಕ್ಕೆ ಹಚ್ಚಿ ಮೇಲೆ ಕ್ರೀಮ್ ಮುಚ್ಚದೆ ಬಿಟ್ಟರೆ, ಒಣಹವೆಯಲ್ಲಿ ಮುಖ ಮೊದಲಿಗಿಂತ ಬಿಗಿಯಾದಂತೆ ಅನ್ನಿಸುವುದುಂಟು. ಜಿಡ್ಡು ಚರ್ಮದವರೂ ಇದನ್ನು ಬಿಡಬಾರದು. ಮೊಡವೆಯ ಔಷಧಿಗಳು ಚರ್ಮವನ್ನು ಒಣಗಿಸುತ್ತವೆ, ಒಣಗಿದ ಚರ್ಮ ಆ ಔಷಧಿಯನ್ನೇ ತಾಳಿಕೊಳ್ಳುವುದಿಲ್ಲ. ಇಂಥವರಿಗೆ ನಾನ್‌ಕಾಮೆಡೊಜೆನಿಕ್ (ರಂಧ್ರ ಮುಚ್ಚದ್ದು) ಎಂದು ಬರೆದಿರುವ ಜೆಲ್ ಸಾಕು.

ಸನ್‌ಸ್ಕ್ರೀನಿನ ಲೆಕ್ಕ

ಇಡೀ ಆರೈಕೆಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಉಳಿಸಿಕೊಳ್ಳಬೇಕಾದದ್ದು ಇದು. ಡಬ್ಬಿಯ ಮೇಲಿನ ಎಸ್‌ಪಿಎಫ್ ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ. ಎಸ್‌ಪಿಎಫ್ 30 ಎಂದರೆ ಬಿಸಿಲಿನಲ್ಲಿರುವ, ಚರ್ಮ ಸುಡುವ ಯುವಿಬಿ ಎಂಬ ನೇರಳಾತೀತ ಕಿರಣಗಳಲ್ಲಿ ಸುಮಾರು 97 ಶೇಕಡಾ ತಡೆ, 50 ಎಂದರೆ 98. ಆದರೆ ಈ ಅಂಕಿ ಬಂದಿರುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ. ಹಚ್ಚಿದ್ದು ಅರ್ಧವಾದರೆ ರಕ್ಷಣೆ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ.

ಮನೆಯಲ್ಲಿ ಅಳೆಯಲು ಬೆರಳೇ ಸಾಧನ. ತೋರುಬೆರಳು ಮತ್ತು ನಡುಬೆರಳಿನ ಬುಡದಿಂದ ತುದಿಯವರೆಗೆ ತಲಾ ಒಂದು ಗೆರೆ ಎಳೆಯಿರಿ. ಮುಖ ಮತ್ತು ಕುತ್ತಿಗೆಗೆ ಬೇಕಾದದ್ದು ಅಷ್ಟು. ಮೊದಲ ಸಲ ನೋಡಿದವರಿಗೆ ಇದು ವಿಪರೀತ ಅನ್ನಿಸುತ್ತದೆ. ಒಂದು ಬೆರಳಿನದನ್ನು ಮೊದಲು ಹಚ್ಚಿ, ಒಂದೆರಡು ನಿಮಿಷ ಬಿಟ್ಟು ಇನ್ನೊಂದನ್ನು ಹಚ್ಚಿದರೆ ಸಲೀಸಾಗಿ ಕೂರುತ್ತದೆ. ಕಿವಿ, ಕೂದಲಂಚು, ಕಣ್ಣಿನ ಹೊರತುದಿ ಬಿಟ್ಟುಹೋಗುವ ಜಾಗಗಳು. ಹೊರಡುವ 15 ನಿಮಿಷ ಮೊದಲೇ ಹಚ್ಚಿ. ಬಯಲಲ್ಲಿದ್ದರೆ ಎರಡು ಗಂಟೆಗೊಮ್ಮೆ, ಬೆವರಿ ಒರೆಸಿಕೊಂಡರೆ ಆಗಲೇ ಮತ್ತೆ ಹಚ್ಚಬೇಕು. ಇನ್ನೊಂದು ಬಗೆಯ ನೇರಳಾತೀತ ಕಿರಣಗಳಾದ ಯುವಿಎ ಕಿಟಕಿಯ ಗಾಜನ್ನು ದಾಟಿ ಬರುತ್ತವೆ. ಹೀಗಾಗಿ ಕಿಟಕಿ ಪಕ್ಕ ಕೂತು ಕೆಲಸ ಮಾಡುವವರಿಗೂ ಇದು ಬೇಕು, ಡಬ್ಬಿಯ ಮೇಲೆ ಬ್ರಾಡ್ ಸ್ಪೆಕ್ಟ್ರಮ್ (ಯುವಿಎ, ಯುವಿಬಿ ಎರಡನ್ನೂ ತಡೆಯುವಂಥದ್ದು) ಎಂದಿರುವುದೂ ಬೇಕು.

ಹಚ್ಚುವಾಗ ರಬ್ಬರ್ ಉಜ್ಜಿದಂತೆ ಬಿಳಿ ಚೂರು ಸುತ್ತಿಕೊಂಡು ಉದುರುತ್ತದೆಯೇ? ಕೆಳಗಿನ ಮಾಯಿಶ್ಚರೈಸರ್ ಇನ್ನೂ ಇಂಗಿಲ್ಲ, ಅಥವಾ ಅದು ಹೆಚ್ಚಾಗಿದೆ. ಐದು ನಿಮಿಷ ತಡೆದು, ಉಜ್ಜದೆ ತಟ್ಟಿ ಹಚ್ಚಿ. ಕಣ್ಣುರಿ ಬಂದರೆ ಕಣ್ಣಿನ ಸುತ್ತ ಮಾತ್ರ ಜಿಂಕ್ ಆಕ್ಸೈಡ್ ಇರುವುದನ್ನು ಬಳಸಿ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕಲೆಯನ್ನು ಗಾಢ ಮಾಡುತ್ತದೆ. ಅದನ್ನು ತಡೆಯುವುದು ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್. ಕ್ರೀಮಿನ ಜೊತೆ ಕಲಸಿ ಹಚ್ಚುವ ಅಭ್ಯಾಸ ಬಿಟ್ಟುಬಿಡಿ, ಪದರ ಒಂದೇ ಸಮ ಕೂರುವುದಿಲ್ಲ. ಎಸ್‌ಪಿಎಫ್ 15ರ ಮೇಲೆ 30 ಹಚ್ಚಿಕೊಂಡರೆ 45 ಕೂಡ ಆಗುವುದಿಲ್ಲ.

ಸೀರಮ್, ಔಷಧಿ: ಒಂದು ಸಲಕ್ಕೆ ಒಂದೇ

ಹೊಸದನ್ನು ಮೊದಲು ಮೊಣಕೈಯ ಒಳಬದಿಯಲ್ಲಿ ಕಾಸಿನಗಲ ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಕೆಂಪಾಗದಿದ್ದರೆ ಮುಖಕ್ಕೆ. ಎರಡು ಹೊಸ ವಸ್ತು ಒಟ್ಟಿಗೆ ಶುರು ಮಾಡಿದರೆ ತೊಂದರೆ ಯಾವುದರಿಂದ ಬಂತೆಂದು ಪತ್ತೆಹಚ್ಚಲಾಗದು. ಸರದಿ ಸುಲಭ: ನೀರಾದದ್ದು ಮೊದಲು, ಗಟ್ಟಿಯಾದದ್ದು ನಂತರ, ಬೆಳಿಗ್ಗೆ ಎಲ್ಲಕ್ಕೂ ಕೊನೆಗೆ ಸನ್‌ಸ್ಕ್ರೀನ್.

ಬ್ಲ್ಯಾಕ್‌ಹೆಡ್ ಹೆಚ್ಚಿದ್ದರೆ ಸ್ಯಾಲಿಸಿಲಿಕ್ ಆಮ್ಲ, 2 ಶೇಕಡಾವರೆಗೆ. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗಿನ ಜಿಡ್ಡಿನೊಳಕ್ಕೂ ಇಳಿಯುತ್ತದೆ. ಕೆಂಪು ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್, 2.5 ಶೇಕಡಾ ಸಾಕು. 10 ಶೇಕಡಾದ್ದು ಉರಿಯನ್ನು ಹೆಚ್ಚಿಸುತ್ತದೆಯೇ ಹೊರತು ಗುಣವನ್ನು ಅಷ್ಟಾಗಿ ಹೆಚ್ಚಿಸದು. ಪೂರ್ತಿ ಒಣಗುವ ಮೊದಲು ಮಲಗಿದರೆ ದಿಂಬಿನ ಬಟ್ಟೆಯ ಬಣ್ಣ ಹೋಗುತ್ತದೆ. ವಿಟಮಿನ್ ಸಿ ಬೆಳಿಗ್ಗೆ ಹಚ್ಚುವಂಥದ್ದು. ತಿಳಿಯಾಗಿದ್ದ ಸೀರಮ್ ಕಂದು ಬಣ್ಣಕ್ಕೆ ತಿರುಗಿದ್ದರೆ ಸತ್ವ ಹೋಗಿದೆ ಎಂದರ್ಥ.

ರೆಟಿನಾಲ್ ರಾತ್ರಿಯದು. ಇಡೀ ಮುಖಕ್ಕೆ ಒಂದು ಬಟಾಣಿಯಷ್ಟು. ಹಣೆ, ಎರಡು ಕೆನ್ನೆ, ಮೂಗು, ಗದ್ದಕ್ಕೆ ಒಂದೊಂದು ಚುಕ್ಕಿ ಇಟ್ಟು ಹರಡಬೇಕು. ಮುಖ ಪೂರ್ತಿ ಒಣಗಿರಲಿ, ಒದ್ದೆ ಚರ್ಮ ಹೆಚ್ಚು ಹೀರಿ ಉರಿಯುತ್ತದೆ. ತುಟಿಯ ಕೊನೆ, ಮೂಗಿನ ಹೊಳ್ಳೆಯ ಸಂದಿಗೆ ಮೊದಲೇ ಪೆಟ್ರೋಲಿಯಂ ಜೆಲ್ಲಿ ಸವರಿಡಿ. ಮೊದಲೆರಡು ವಾರ, ವಾರಕ್ಕೆ ಎರಡು ರಾತ್ರಿ. ಸಹಿಸಿದರೆ ದಿನ ಬಿಟ್ಟು ದಿನ. ಸೂಕ್ಷ್ಮ ಚರ್ಮದವರು ಕೆಳಗೊಂದು ಮೇಲೊಂದು ಪದರ ಮಾಯಿಶ್ಚರೈಸರ್ ಹಚ್ಚಿ ನಡುವೆ ಇದನ್ನಿಡಬಹುದು. ಸ್ಯಾಲಿಸಿಲಿಕ್‌ನಂಥ ಆಮ್ಲ ಹಚ್ಚಿದ ರಾತ್ರಿ ಇದು ಬೇಡ. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸಿರುವವರು ರೆಟಿನಾಲ್ ಮುಟ್ಟಬಾರದು.

ಶುರುವಿನಲ್ಲಿ ಮೊಡವೆ ಏಳುವ ಜಾಗದಲ್ಲೇ ಇನ್ನಷ್ಟು ಮೊಡವೆ ಎದ್ದು ಐದಾರು ವಾರದಲ್ಲಿ ಇಳಿದರೆ ಗಾಬರಿ ಬೇಡ. ಎಂದೂ ಇಲ್ಲದ ಕಡೆ ಗುಳ್ಳೆ, ಉರಿ, ತುರಿಕೆ ಬಂದರೆ ಅದು ಚರ್ಮದ ಮುನಿಸು. ದಿನವೂ ಹಚ್ಚುತ್ತಿದ್ದ ಮಾಯಿಶ್ಚರೈಸರೇ ಚುರುಗುಟ್ಟತೊಡಗಿದರೆ ಹೊರಪದರ ಹಾಳಾಗಿದೆ. ಆಗ ಆಮ್ಲ, ರೆಟಿನಾಲ್, ಸ್ಕ್ರಬ್ ಎಲ್ಲ ನಿಲ್ಲಿಸಿ. ಎರಡರಿಂದ ನಾಲ್ಕು ವಾರ ಮತ್ತೆ ಆ ಮೊದಲ ಮೂರೇ.

ಎಷ್ಟು ದಿನ ಕಾಯಬೇಕು? ಯುವ ವಯಸ್ಸಿನಲ್ಲಿ ಚರ್ಮದ ಮೇಲ್ಪದರ ಹೊಸದಾಗಲು ಸುಮಾರು 28 ದಿನ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಮೊಡವೆಗೆ 8ರಿಂದ 12 ವಾರ, ಕಲೆಗೆ ಅದಕ್ಕೂ ಹೆಚ್ಚು ಸಮಯ ಕೊಡಿ. ಕನ್ನಡಿ ದಿನಕ್ಕೊಂದು ಹೇಳುತ್ತದೆ. ತಿಂಗಳಿಗೊಮ್ಮೆ ಅದೇ ಕಿಟಕಿಯ ಬಳಿ, ಅದೇ ಹೊತ್ತಿಗೆ ತೆಗೆದ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಬೇಗ ಬೆಳ್ಳಗಾಗಲು ಎಂದು ಯಾರೋ ಹೇಳಿದ ಟ್ಯೂಬ್ ತರುವ ಮುನ್ನ ಅದರ ಹಿಂಬದಿ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಮೊದಲ ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಹಚ್ಚುವುದು ಬಿಟ್ಟ ಕೂಡಲೇ ಮುಖ ಕೆಂಪಾಗಿ ಉರಿಯುತ್ತದೆ. ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುವವರು ಎಷ್ಟೋ ಜನ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಟ್ಯೂಬನ್ನು ಜೊತೆಗೇ ಹಿಡಿದುಕೊಂಡು ಚರ್ಮವೈದ್ಯರ ಬಳಿ ಹೋಗಿ. ಹೇಗೆ ನಿಲ್ಲಿಸಬೇಕು ಎಂಬುದನ್ನು ಅವರೇ ಹೇಳಬೇಕು.