ಒಂದೇ ಪಕ್ಷದ ದೇಶದಲ್ಲಿ ಮುಂದಿನ ನಾಯಕನನ್ನು ಗುರುತಿಸುವುದು ಹೇಗೆ?

ಪುಣೆಯ ಸದಾಶಿವ ಪೇಟೆಯ ಅಭ್ಯಾಸಿಕೆಗಳಲ್ಲಿ, ಅಂದರೆ ಓದುವ ಕೋಣೆಗಳಲ್ಲಿ, ಸೊಲ್ಲಾಪುರ, ಅಕ್ಕಲಕೋಟೆ, ವಿಜಯಪುರದ ಕಡೆಯ ಮಕ್ಕಳು ಯುಪಿಎಸ್‌ಸಿಗೆ, ಎಂಪಿಎಸ್‌ಸಿಗೆ ಓದುತ್ತಾರೆ. ಭಾನುವಾರ ಅವರಲ್ಲಿ ನಾಲ್ಕೈದು ಮಂದಿ ನಮ್ಮ ಮನೆಗೆ ಬರುತ್ತಾರೆ. ವಾರದ ಪೇಪರ್‌ಗಳನ್ನೆಲ್ಲ ನೆಲಕ್ಕೆ ಹರಡಿಕೊಂಡು ಕೂರುತ್ತೇವೆ. ಒಮ್ಮೆ ಒಬ್ಬಳು ಕೇಳಿದಳು: “ಸರ್, ಬ್ಯಾರೆ ಪಕ್ಷಾನ ಇಲ್ಲಂದ್ರ ಮುಂದಿನವ್ರು ಯಾರಂತ ಹೆಂಗ ಗೊತ್ತಾಗ್ತೈತ್ರಿ?”

ಅವತ್ತಿನಿಂದ ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಪೆನ್ನು ಬೇಡ, ಅಳಿಸುವ ಕೆಲಸ ಜಾಸ್ತಿ ಇರುತ್ತದೆ.

ಮೊದಲು ಮೂರು ಕಾಲಂ ಎಳೆಯಿರಿ

ಪಕ್ಷ, ಸೇನೆ, ಸರ್ಕಾರ. ಇದೇ ಕ್ರಮದಲ್ಲಿ. ನಮ್ಮ ಕಣ್ಣು ರೂಢಿಯಿಂದ ರಾಷ್ಟ್ರಪತಿ, ಪ್ರಧಾನಿ ಕಡೆಗೇ ಹೋಗುತ್ತದೆ, ಅಲ್ವಾ? ಇಲ್ಲಿ ಅದು ಕೊನೆಯ ಕಾಲಂ. 1980ರ ದಶಕದ ಚೀನಾದಲ್ಲಿ ಡೆಂಗ್ ಷಿಯಾವೊಪಿಂಗ್ ದೇಶದ ಅಧ್ಯಕ್ಷರಾಗಿರಲಿಲ್ಲ, ಪ್ರಧಾನಿಯಾಗಿರಲಿಲ್ಲ, ಪಕ್ಷದ ಅತಿ ದೊಡ್ಡ ಹುದ್ದೆಯಾದ ಪ್ರಧಾನ ಕಾರ್ಯದರ್ಶಿಯೂ ಆಗಿರಲಿಲ್ಲ. ಸೇನೆಯನ್ನು ನಡೆಸುವ ಸೇನಾ ಆಯೋಗ ಅವರ ಕೈಯಲ್ಲಿತ್ತು. ದೊಡ್ಡ ವಿಷಯಗಳಲ್ಲಿ ಕೊನೆಯ ಮಾತು ಅವರದೇ ಆಗಿತ್ತು.

ಪ್ರತಿ ಹುದ್ದೆ ಕೈ ಬದಲಾದ ವರ್ಷವನ್ನು ಬೇರೆ ಬೇರೆಯಾಗಿ ಬರೆಯಿರಿ. ಡೆಂಗ್ ನಂತರದ ನಾಯಕ ಜಿಯಾಂಗ್ ಜೆಮಿನ್ 2002ರಲ್ಲಿ ಪಕ್ಷದ ಹುದ್ದೆ ಬಿಟ್ಟರು. ಸೇನಾ ಆಯೋಗವನ್ನು ಬಿಟ್ಟಿದ್ದು 2004ರಲ್ಲಿ. ಅವರ ನಂತರ ಬಂದ ಹು ಜಿಂಟಾವೊ 2012ರಲ್ಲಿ ಎರಡನ್ನೂ ಒಟ್ಟಿಗೇ ಷಿ ಜಿನ್‌ಪಿಂಗ್ ಅವರಿಗೆ ಬಿಟ್ಟುಕೊಟ್ಟರು. 2018ರಲ್ಲಿ ಅಧ್ಯಕ್ಷರಿಗೆ ಇದ್ದ ಎರಡು ಅವಧಿಯ ಮಿತಿ ಹೋದಾಗ ಜಗತ್ತಿಗೆಲ್ಲ ಸುದ್ದಿಯಾಯಿತು. ಆದರೆ ಆ ಮಿತಿ ಇದ್ದದ್ದು ಮೂರನೆಯ ಕಾಲಂಗೆ ಮಾತ್ರ. ಮೊದಲ ಎರಡಕ್ಕೆ ಅಂಥ ಮಿತಿ ಇರಲೇ ಇಲ್ಲ.

ಹೆಸರಿನ ಪಕ್ಕ ವಯಸ್ಸು ಹಾಕಿ

ಚೀನಾದ ಪಕ್ಷದ ಮಹಾಧಿವೇಶನ 5 ವರ್ಷಕ್ಕೊಮ್ಮೆ ನಡೆಯುತ್ತದೆ. 2007ರಲ್ಲಿ ಷಿ ಪಕ್ಷದ ತುತ್ತತುದಿಯ ಸಣ್ಣ ಗುಂಪಾದ ಸ್ಥಾಯಿ ಸಮಿತಿಗೆ ಬಂದಾಗ ಅವರಿಗೆ 54. ಐದು ವರ್ಷ ಕಾದು ಮೇಲಕ್ಕೆ ಹೋದರು. 2017ರಲ್ಲೂ 2022ರಲ್ಲೂ ಆ 7 ಜನರ ಸಮಿತಿಯಲ್ಲಿ 60ಕ್ಕಿಂತ ಚಿಕ್ಕವರು ಒಬ್ಬರೂ ಇರಲಿಲ್ಲ. ಉತ್ತರಾಧಿಕಾರಿಯನ್ನು ಈಗಲೇ ತೋರಿಸುವ ಮನಸ್ಸಿಲ್ಲ ಎಂದು ಓದಿಕೊಳ್ಳಬೇಕು.

ತೋರಿಸಿದರೂ ಕಷ್ಟವೇ. ಮಾವೊ ಅವರ ಉತ್ತರಾಧಿಕಾರಿ ಲಿನ್ ಬಿಯಾವೊ ಎಂದು 1969ರಲ್ಲಿ ಪಕ್ಷದ ಸಂವಿಧಾನದಲ್ಲೇ ಬರೆದರು. 1971ರಲ್ಲಿ ದೇಶ ಬಿಟ್ಟು ಹೊರಟಿದ್ದ ಲಿನ್, ಮಂಗೋಲಿಯಾದಲ್ಲಿ ವಿಮಾನ ಬಿದ್ದು ಸತ್ತರು. ಹೆಸರು ಹೇಳಿದ ದಿನದಿಂದಲೇ ಜನ ಹೊಸಬರ ಬಾಗಿಲಿಗೆ ಹೋಗಲು ಶುರು ಮಾಡುತ್ತಾರೆ. ಹಳಬರಿಗೆ ಅನುಮಾನ ಹುಟ್ಟುತ್ತದೆ. ಹಾಗಾಗಿ ನೋಟ್‌ಬುಕ್‌ನಲ್ಲಿ ‘ಉತ್ತರಾಧಿಕಾರಿ’ ಎಂದು ಬರೆದ ಹೆಸರಿನ ಮುಂದೆ ಒಂದು ಪ್ರಶ್ನೆಚಿಹ್ನೆ ಇರಲಿ.

ಅಂತ್ಯಸಂಸ್ಕಾರದ ಸಮಿತಿ ಯಾರದು?

ಮಕ್ಕಳಿಗೆ ತುಂಬ ಹಿಡಿಸಿದ್ದು ಈ ಹಂತ. ನಾಯಕ ಸತ್ತಾಗ ಕಣ್ಣೀರಿನ ಭಾಷಣ ಪಕ್ಕಕ್ಕಿಡಿ. ಅಂತ್ಯಸಂಸ್ಕಾರದ ಸಮಿತಿಯ ಮುಖ್ಯಸ್ಥರು ಯಾರೆಂದು ಹುಡುಕಿ. ಸೋವಿಯತ್ ಒಕ್ಕೂಟದಲ್ಲಿ 1982ರಲ್ಲಿ ಬ್ರೆಜ್ನೇವ್ ತೀರಿಕೊಂಡಾಗ ಆಂಡ್ರೊಪೊವ್. 1984ರಲ್ಲಿ ಆಂಡ್ರೊಪೊವ್ ಹೋದಾಗ ಚೆರ್ನೆಂಕೊ. 1985ರಲ್ಲಿ ಚೆರ್ನೆಂಕೊ ಹೋದಾಗ ಗೋರ್ಬಚೇವ್. ಮೂರು ಸಲವೂ ಸಮಿತಿ ನಡೆಸಿದವರೇ ಗದ್ದುಗೆಗೆ ಬಂದರು.

1953ರ ಕಥೆ ಸ್ವಲ್ಪ ಬೇರೆ. ಸ್ಟಾಲಿನ್ ಸತ್ತಾಗ ಪ್ರಧಾನಿ ಪಟ್ಟ ಮಾಲೆಂಕೋವ್ ಅವರಿಗೆ ಸಿಕ್ಕಿತು. ಎಲ್ಲರೂ ಅವರನ್ನೇ ನೋಡಿದರು. ಅಂತ್ಯಸಂಸ್ಕಾರದ ಸಮಿತಿ ಇದ್ದದ್ದು ಕ್ರುಶ್ಚೇವ್ ಕೈಯಲ್ಲಿ. ಸೆಪ್ಟೆಂಬರ್ ಹೊತ್ತಿಗೆ ಪಕ್ಷದ ಮೊದಲ ಕಾರ್ಯದರ್ಶಿ ಪಟ್ಟವೂ ಅವರದಾಯಿತು. ಪೊಲೀಸ್ ಪಡೆ ಕೈಯಲ್ಲಿದ್ದ ಬೆರಿಯಾ ಜೂನ್‌ನಲ್ಲೇ ಬಂಧನಕ್ಕೆ ಒಳಗಾಗಿದ್ದರು. 1955ರಲ್ಲಿ ಮಾಲೆಂಕೋವ್ ಪ್ರಧಾನಿ ಹುದ್ದೆಯನ್ನೂ ಕಳೆದುಕೊಂಡರು. ಇದನ್ನು ಮೂರು ಕಾಲಂನಲ್ಲಿ ಬರೆದು ನೋಡಿ, ಮೊದಲ ಕಾಲಂ ಏಕೆ ಮೊದಲು ಎಂಬುದು ತಾನಾಗೇ ತಿಳಿಯುತ್ತದೆ.

ಫಾರ್ವರ್ಡ್ ಬಂದರೆ ಕಾಯಿರಿ

2022ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಸೇನೆ ದಂಗೆ ಎದ್ದಿದೆ, ಷಿ ಬಂಧನದಲ್ಲಿದ್ದಾರೆ ಎಂಬ ಸುದ್ದಿ ನಮ್ಮ ದೇಶದ ಮೊಬೈಲ್‌ಗಳಲ್ಲೆಲ್ಲ ಓಡಾಡಿತು. ಕೆಲವೇ ದಿನಗಳಲ್ಲಿ ಅವರು ಬೀಜಿಂಗ್‌ನ ಒಂದು ಪ್ರದರ್ಶನದಲ್ಲಿ ಕಾಣಿಸಿಕೊಂಡರು. ಮರುತಿಂಗಳು ಮೂರನೇ ಸಲ ಪ್ರಧಾನ ಕಾರ್ಯದರ್ಶಿಯಾದರು. ನಾಯಕ ಎರಡು ವಾರ ಕಾಣದಿದ್ದರೆ ದಿನಾಂಕ ಬರೆದಿಟ್ಟುಕೊಳ್ಳಿ, ಅಷ್ಟೇ. ಸುಮ್ನೆ ಮುಂದಕ್ಕೆ ಕಳಿಸಬೇಡಿ.

ಈಗ ನೀವೇ ಮಾಡಿ ನೋಡಿ

ವಿಯೆಟ್ನಾಂ ತೆಗೆದುಕೊಳ್ಳಿ. ಸುಮಾರು 10 ಕೋಟಿ ಜನರ ದೇಶ. ಅಷ್ಟೂ ಜನರ ಬದುಕನ್ನು ಬದಲಿಸುವ ಈ ಆಯ್ಕೆಯಲ್ಲಿ ಅವರಿಗೆ ಓಟಿಲ್ಲ ಎಂಬುದು ಪ್ರತಿ ಸಲ ನನ್ನ ಮನಸ್ಸನ್ನು ಚುಚ್ಚುತ್ತದೆ. ಟೊ ಲಾಮ್ ಸಾರ್ವಜನಿಕ ಭದ್ರತಾ ಸಚಿವರಾಗಿದ್ದರು, ಅಂದರೆ ಪೊಲೀಸ್ ಅವರ ಕೈಯಲ್ಲಿತ್ತು. 2024ರ ಮೇನಲ್ಲಿ ದೇಶದ ಅಧ್ಯಕ್ಷರಾದರು. ಜುಲೈ 19ರಂದು ಪಕ್ಷದ ಪ್ರಧಾನ ಕಾರ್ಯದರ್ಶಿ ನ್ಗುಯೆನ್ ಫು ಟ್ರಾಂಗ್ ತೀರಿಕೊಂಡರು. ಆಗಸ್ಟ್ 3ರಂದು ಆ ಸ್ಥಾನಕ್ಕೆ ಟೊ ಲಾಮ್ ಬಂದರು. ಅಕ್ಟೋಬರ್‌ನಲ್ಲಿ ಅಧ್ಯಕ್ಷ ಹುದ್ದೆ ಸೇನೆಯ ಜನರಲ್ ಒಬ್ಬರಿಗೆ ಹೋಯಿತು.

ಈ ನಾಲ್ಕು ಬದಲಾವಣೆಗಳನ್ನು ಮೂರು ಕಾಲಂಗಳಲ್ಲಿ ತುಂಬಿ. ಅವತ್ತು ಪ್ರಶ್ನೆ ಕೇಳಿದ ನಮ್ಮ ಹುಡುಗಿ ತುಂಬುವಾಗ ನಾಲ್ಕನೆಯ ಕಾಲಂ ಒಂದನ್ನು ತಾನೇ ಎಳೆದಳು. ತಲೆಬರಹ: ಪೊಲೀಸ್.