ವಾಟಲ್ ಬೀಜದ ರೊಟ್ಟಿ: ಆಸ್ಟ್ರೇಲಿಯಾದ ಒಣನಾಡಿನಲ್ಲಿ ಮಾಡುವ ಬಗೆ

ನಮ್ಮ ಕರಾವಳಿ, ಮಲೆನಾಡಿನ ರಸ್ತೆ ಬದಿಯ ಅಕೇಶಿಯಾ ಮರ ಎಲ್ಲರಿಗೂ ಗೊತ್ತು. ಸೌದೆಗೆಂದು ನೆಟ್ಟ ಈ ಮರದ ತವರು ಉತ್ತರ ಆಸ್ಟ್ರೇಲಿಯಾ ಮತ್ತು ನ್ಯೂಗಿನಿ. ಇದರ ನೆಂಟರು ಆಸ್ಟ್ರೇಲಿಯಾದಲ್ಲಿ ಸುಮಾರು 1000 ಜಾತಿ ಇವೆ. ಅಲ್ಲಿ ಇವಕ್ಕೆ ವಾಟಲ್ ಅನ್ನುತ್ತಾರೆ. ದೇಶದ ನಡುಭಾಗದ ಒಣನಾಡಿನಲ್ಲಿ ಅರಂಡ, ವಾರ್ಲ್‌ಪಿರಿ, ಪಿತ್ಜಂತ್ಜತ್ಜರ ಮೂಲನಿವಾಸಿಗಳಿಗೆ ಕೆಲವು ವಾಟಲ್‌ಗಳ ಬೀಜ ಮುಖ್ಯ ಊಟಗಳಲ್ಲಿ ಒಂದಾಗಿತ್ತು. ಬೀಜದಲ್ಲಿ ಪ್ರೋಟೀನ್ ಶೇ 20ರ ಆಸುಪಾಸು ಇದೆ. ಆದರೆ ಮರದಿಂದ ಕಿತ್ತು ಹಾಗೇ ಬಾಯಿಗೆ ಹಾಕುವಂಥದ್ದಲ್ಲ. ಅದನ್ನು ತಿನ್ನುವ ಹಾಗೆ ಮಾಡುವುದು ಹೆಂಗಸರ ಕೆಲಸ, ಅದೂ ಮೈಮುರಿಯುವ ಕೆಲಸ.

ಮೊದಲು ಮರ ಗುರುತಿಸಬೇಕು

ಎಲ್ಲ ವಾಟಲ್ ತಿನ್ನಲು ಬರುವುದಿಲ್ಲ. ಮಲ್ಗಾ ಎಂಬ ಬೂದು ಎಲೆಯ ಮರ, ಅಕೇಶಿಯಾ ವಿಕ್ಟೋರಿಯೇ ಎಂಬ ಮುಳ್ಳಿನ ಪೊದೆ, ಇಂಥವು ಊಟದ ಮರಗಳು. ಅದೇ ಸೀಮೆಯ ಜಾರ್ಜಿನಾ ಗಿಜಿ ಕೂಡ ಅಕೇಶಿಯಾವೇ. ಆದರೆ ಅದರ ಎಲೆ, ಕಾಯಲ್ಲಿರುವ ವಿಷಕ್ಕೆ ದನಗಳು ಸಾಯುತ್ತವೆ. ಯಾವುದು ಯಾವುದು ಅಂತ ತಾಯಿ, ಅಜ್ಜಿ ಜೊತೆ ಓಡಾಡಿಯೇ ಕಲಿಯುತ್ತಿದ್ದರು. ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ, ನಮ್ಮೂರಿನ ಅಕೇಶಿಯಾ ಬೀಜ ಕಿತ್ತು ಪ್ರಯೋಗ ಮಾಡಬೇಡಿ.

ಕಾಯಿ ಉದುರಿಸಿ ಬಡಿಯುವುದು

ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿದಾಗ ಕೊಂಬೆಗಳನ್ನು ಕೋಲಿನಿಂದ ಬಡಿದು ಉದುರಿಸುತ್ತಾರೆ. ತಡಮಾಡಿದರೆ ಕಾಯಿ ಸಿಡಿದು ಬೀಜ ಮಣ್ಣುಪಾಲು. ಬೀಜದ ತುದಿಯಲ್ಲಿ ಕೊಬ್ಬಿನ ಸಣ್ಣ ತುಣುಕು ಇರುತ್ತದೆ. ಅದಕ್ಕಾಗಿ ಇರುವೆಗಳು ಬೀಜವನ್ನೇ ಎಳೆದುಕೊಂಡು ಹೋಗುತ್ತವೆ. ಉದುರಿಸಿದ ಕಾಯನ್ನು ಉಜ್ಜಿ, ತುಳಿದು ಬೀಜ ಬಿಡಿಸಬೇಕು.

ಕೇರುವುದು

ಕೈಚಳಕವೆಲ್ಲ ಇರುವುದು ಇಲ್ಲಿ. ಅವರ ಬಳಿ ಮೊರವಿಲ್ಲ. ಮರ ಕೆತ್ತಿ ಮಾಡಿದ ದೋಣಿಯಾಕಾರದ ಉದ್ದ ತಟ್ಟೆ ಇದೆ. ಅದಕ್ಕೆ ಇಂಗ್ಲಿಷರು ಕೂಲಮನ್ ಅಂತ ಕರೆದರು. ಅದರಲ್ಲಿ ಬೀಜ, ಸಿಪ್ಪೆ, ಕಡ್ಡಿ, ಮರಳು ಎಲ್ಲ ಒಟ್ಟಿಗೆ ಇರುತ್ತದೆ. ಮೊದಲು ಎತ್ತರದಿಂದ ಸುರಿದು ಗಾಳಿಗೆ ಹೊಟ್ಟು ಹಾರಿಸುತ್ತಾರೆ. ಆಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಸಣ್ಣಗೆ ಕುಲುಕುತ್ತಾ, ಓರೆ ಮಾಡುತ್ತಾ ಹೋದರೆ ಹಗುರದ್ದು ಒಂದು ಕಡೆ, ಭಾರದ್ದು ಇನ್ನೊಂದು ಕಡೆ ಸರಿಯುತ್ತದೆ. ನಮ್ಮ ಅಜ್ಜಿಯರು ಮೊರದಲ್ಲಿ ಒನೆಯುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ ಚಳಕ. ಗಾಳಿಗೆ ಹಾರದ ಮರಳೂ ಬೇರೆಯಾಗುವುದು ಈ ಕುಲುಕಾಟದಿಂದಲೇ. ಮರಳು ಉಳಿದರೆ ಹಲ್ಲು ಸವೆಯುತ್ತದೆ, ಅದಕ್ಕೇ ಇಷ್ಟು ತಾಳ್ಮೆ. ಇದಕ್ಕೆ ಯಾಂಡಿ ಮಾಡುವುದು ಅನ್ನುತ್ತಾರೆ.

ಹುರಿಯುವುದು

ಬೀಜಕ್ಕೆ ಬಿಸಿ ಬೂದಿ, ಮರಳು ಬೆರೆಸಿ ಹೊರಳಾಡಿಸುತ್ತಾರೆ. ನೇರ ಬೆಂಕಿಗೆ ಹಾಕಿದರೆ ಸೀದುಹೋಗುತ್ತದೆ. ವಾಟಲ್ ಬೀಜದ ಸಿಪ್ಪೆ ಭಾರಿ ಗಟ್ಟಿ. ಮಣ್ಣಲ್ಲಿ ವರ್ಷಗಟ್ಟಲೆ ಮೊಳೆಯದೆ ಬಿದ್ದಿದ್ದು, ಕಾಡಿಗೆ ಬೆಂಕಿ ಬಿದ್ದ ಮೇಲೆ ಚಿಗುರುವ ಜಾತಿ ಅದು. ಹುರಿದರೆ ಸಿಪ್ಪೆ ಬಿರುಕು ಬಿಡುತ್ತದೆ. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳೂ ಬಿಸಿಗೆ ಕಡಿಮೆಯಾಗುತ್ತವೆ. ಬೂದಿ, ಮರಳು ಬೇರ್ಪಡಿಸಲು ಮತ್ತೆ ಕೇರಬೇಕು, ತಪ್ಪಿದ್ದಲ್ಲ.

ಅರೆಯುವುದು

ಅಗಲವಾದ ಚಪ್ಪಟೆ ಕಲ್ಲಿನ ಮೇಲೆ ಒಂದು ಹಿಡಿ ಬೀಜ, ಸ್ವಲ್ಪ ನೀರು. ಮೇಲೆ ಅಂಗೈಯಗಲದ ಇನ್ನೊಂದು ಕಲ್ಲು. ಮೊಣಕಾಲೂರಿ ಕೂತು, ಮೈಭಾರ ಹಾಕಿ ಹಿಂದೆ ಮುಂದೆ ಅರೆಯಬೇಕು. ನುಣ್ಣಗಾದ ಹಿಟ್ಟು ಕಲ್ಲಿನ ಅಂಚಿನಿಂದ ತಟ್ಟೆಗೆ ಇಳಿಯುತ್ತದೆ. ಒಂದು ಮನೆಮಂದಿಗೆ ಸಾಕಾಗುವಷ್ಟು ಆಗಲು ತಾಸುಗಟ್ಟಲೆ ಬೇಕು. ಕೆಳಗಿನ ಕಲ್ಲು ಹೊರಲಾರದಷ್ಟು ಭಾರ, ಅದಕ್ಕೇ ಅದನ್ನು ಬೀಡುಬಿಡುವ ಜಾಗದಲ್ಲೇ ಬಿಟ್ಟುಹೋಗಿ, ಮುಂದಿನ ಸಲ ಬಂದಾಗ ಬಳಸುತ್ತಿದ್ದರು. ನ್ಯೂ ಸೌತ್ ವೇಲ್ಸ್‌ನ ಕಡ್ಡಿ ಸ್ಪ್ರಿಂಗ್ಸ್‌ನಲ್ಲಿ ಸಿಕ್ಕ ಅರೆಯುವ ಕಲ್ಲಿನ ಚೂರುಗಳು ಸುಮಾರು 30,000 ವರ್ಷ ಹಳೆಯವು.

ಹಿಟ್ಟನ್ನು ಹಾಗೇ ತಿನ್ನಬಹುದು. ಇಲ್ಲವೇ ತಟ್ಟಿ ಬಿಸಿ ಬೂದಿಯಲ್ಲಿ ಹುಗಿದು ಬೇಯಿಸಿ, ಬೂದಿ ಕೊಡವಿ ತಿನ್ನುವುದು.

ಸರ್ಕಾರ, ಮಿಷನ್‌ಗಳು ರೇಷನ್ ಆಗಿ ಮೈದಾ, ಸಕ್ಕರೆ, ಟೀಪುಡಿ ಕೊಡಲು ಶುರುಮಾಡಿದ ಮೇಲೆ ಈ ದುಡಿಮೆ ಬಹುತೇಕ ನಿಂತಿತು. ಗೋಣಿಯಲ್ಲಿ ಹಿಟ್ಟು ಸಿಗುವಾಗ ಇಡೀ ಮಧ್ಯಾಹ್ನ ಕಲ್ಲು ತಿಕ್ಕುವವರು ಯಾರು? ಅದರಿಂದ ಆರೋಗ್ಯ ಕೆಟ್ಟಿದ್ದು ಬೇರೆ ಮಾತು. ಆದರೂ ಬೀಜ ಕೂಡಿಸುವ ಹೆಂಗಸರು ಇವತ್ತಿಗೂ ಇದ್ದಾರೆ, ಈಗ ಮಾರುವುದಕ್ಕೂ ಕೂಡಿಸುತ್ತಾರೆ.

ನಿಮ್ಮ ಅಡುಗೆಮನೆಯಲ್ಲಿ

ಮೆಲ್ಬರ್ನ್, ಸಿಡ್ನಿಯಲ್ಲಿರುವ ಕನ್ನಡಿಗರಿಗೆ ಹುರಿದು ಪುಡಿ ಮಾಡಿದ ವಾಟಲ್ ಬೀಜ ಸುಲಭವಾಗಿ ಸಿಗುತ್ತದೆ. ಮೂಲನಿವಾಸಿಗಳೇ ನಡೆಸುವ ಅಂಗಡಿಯಿಂದ ಕೊಂಡರೆ ದುಡ್ಡು ಸರಿಯಾದ ಕೈ ಸೇರುತ್ತದೆ. ಪುಡಿಯ ವಾಸನೆ ಕಾಫಿ, ಚಾಕೊಲೇಟ್ ಎರಡನ್ನೂ ನೆನಪಿಸುತ್ತದೆ.

ಒಂದು ದೊಡ್ಡ ಚಮಚ ಪುಡಿಯನ್ನು ಕಾಲು ಕಪ್ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಇಲ್ಲದಿದ್ದರೆ ಬಾಯಿಗೆ ತರಿತರಿಯಾಗುತ್ತದೆ. ಎರಡು ಕಪ್ ಮೈದಾಕ್ಕೆ ನಾಲ್ಕು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಒಂದು ಚಮಚ ಬೆಣ್ಣೆ ಹಾಕಿ ಉಜ್ಜಿ. ನೆನೆದ ಪುಡಿಯನ್ನು ನೀರಿನ ಸಮೇತ ಸುರಿಯಿರಿ. ಅರ್ಧ ಕಪ್ ಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಮೆತ್ತಗೆ ಕಲಸಿ, ಜಾಸ್ತಿ ನಾದಬೇಡಿ. ಗುಂಡಗೆ ಮಾಡಿ ಮೇಲೆ ಚಾಕುವಿನಿಂದ ಗೀಟು ಹಾಕಿ, ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗೆ 25ರಿಂದ 30 ನಿಮಿಷ ಬೇಯಿಸಿ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಇದು ಬಿಳಿಯರ ಡ್ಯಾಂಪರ್ ಎಂಬ ಮೈದಾ ರೊಟ್ಟಿ ಮತ್ತು ಮೂಲನಿವಾಸಿಗಳ ಬೀಜ ಸೇರಿದ ಹೊಸ ಅಡುಗೆ, ಹಳೆಯ ರೊಟ್ಟಿಯೇ ಅಂತಲ್ಲ. ಬಿಸಿ ಇರುವಾಗಲೇ ಬೆಣ್ಣೆ, ಜೇನುತುಪ್ಪ ಸವರಿ ತಿನ್ನಿ. ಮರುದಿನಕ್ಕೆ ಗಟ್ಟಿಯಾಗುತ್ತದೆ.